ಓದುಗರ ಪ್ರಶ್ನೆ: ಸೋವಿಯತ್ ನಾಡಿನಲ್ಲಿ ಜಾಝ್ ವಾದಕ ಹೇಗೆ ಬಾಳಿದ?

ಪ್ರಶ್ನೆ: ನಮ್ಮ ತಂದೆಯವರ ಕಪಾಟಿನಲ್ಲಿ ನವಕರ್ನಾಟಕದ ಮಳಿಗೆಯಿಂದ ತಂದ ಸೋವಿಯತ್ ಪುಸ್ತಕಗಳು ಸಾಲಾಗಿದ್ದವು. ಅವುಗಳನ್ನು ಓದುತ್ತಲೇ ನಾನು ಬೆಳೆದೆ. ಬ್ಯಾಲೆ, ಸಿಂಫನಿ, ಹಳ್ಳಿಗರ ಕುಣಿತ ಎಲ್ಲದರ ಚಿತ್ರಗಳೂ ಅವುಗಳಲ್ಲಿದ್ದವು. ಜಾಝ್ ಕುರಿತು ಮಾತ್ರ ಓದಿದ ನೆನಪಿಲ್ಲ. ಅಲ್ಲಿ ಜಾಝ್ ನಿಷೇಧವಾಗಿತ್ತೆಂದು ಒಬ್ಬ ಗೆಳೆಯರು ಹೇಳುತ್ತಾರೆ, ಸರ್ಕಾರವೇ ಜಾಝ್ ವಾದ್ಯವೃಂದಗಳನ್ನು ಸಾಕುತ್ತಿತ್ತೆಂದು ಇನ್ನೊಬ್ಬರು ವಾದಿಸುತ್ತಾರೆ. ಯಾವುದು ನಿಜ? ಆ ಆಡಳಿತದ ಕೆಳಗೆ ಒಬ್ಬ ಜಾಝ್ ವಾದಕನ ಬದುಕು ಹೇಗಿತ್ತು?
(ಓದುಗರೊಬ್ಬರು, ಧಾರವಾಡ)

ಉತ್ತರ: ನಿಮ್ಮ ಗೆಳೆಯರಿಬ್ಬರೂ ಹೇಳಿದ್ದು ನಿಜವೇ. ನಿಷೇಧವೂ ಇತ್ತು, ಪೋಷಣೆಯೂ ಇತ್ತು. ಎರಡೂ ಒಂದೇ ಸರ್ಕಾರದಿಂದ, ಕೆಲವೊಮ್ಮೆ ಒಬ್ಬನೇ ಮನುಷ್ಯನ ಪಾಲಿಗೆ ಬಂದವು. ಹಾಗೆ ಎರಡನ್ನೂ ತುಂಬುತುತ್ತಾಗಿ ಉಂಡವರು ಟ್ರಂಪೆಟ್ ವಾದಕ ಎಡ್ಡಿ ರೋಸ್ನರ್. ಅವರೊಬ್ಬರ ಬದುಕನ್ನು ಹೇಳಿದರೆ ನಿಮ್ಮ ಪ್ರಶ್ನೆಯ ಬಹುಪಾಲಿಗೆ ಉತ್ತರ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

1910ರಲ್ಲಿ ಬರ್ಲಿನ್ ನಗರದಲ್ಲಿ, ಪೋಲೆಂಡ್ ಮೂಲದ ಯಹೂದಿ ಕುಟುಂಬದಲ್ಲಿ ಹುಟ್ಟಿದ ರೋಸ್ನರ್ ಮೊದಲು ಕಲಿತದ್ದು ಪಿಟೀಲನ್ನು. ಆಮೇಲೆ ಟ್ರಂಪೆಟ್ ಕೈಗೆ ಬಂತು. ಬರ್ಲಿನ್‌ನ ಹೆಸರಾಂತ ವೈಂಟ್ರಾಬ್ ಸಿಂಕೊಪೇಟರ್ಸ್ ವೃಂದದಲ್ಲಿ ಸ್ಥಾನವೂ ಸಿಕ್ಕಿತು. ಅಮೆರಿಕದ ಪ್ರಸಿದ್ಧ ಕಪ್ಪು ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಭಾವಚಿತ್ರದ ಮೇಲೆ ‘ಬಿಳಿಯ ಆರ್ಮ್‌ಸ್ಟ್ರಾಂಗ್‌ಗೆ’ ಎಂದು ಬರೆದು ಈ ಯುವಕನಿಗೆ ಕೊಟ್ಟರೆಂಬ ಮಾತು ಸಂಗೀತಗಾರರ ನಡುವೆ ಬಹುಕಾಲ ಓಡಾಡಿತು. ನಾತ್ಸಿಗಳ ಕೈಗೆ ಅಧಿಕಾರ ಹೋದ ಮೇಲೆ ಯಹೂದಿಯೊಬ್ಬ ಜರ್ಮನಿಯಲ್ಲಿ ವೇದಿಕೆ ಏರುವ ಕಾಲ ಮುಗಿಯಿತು. ರೋಸ್ನರ್ ಪೋಲೆಂಡಿಗೆ ಬಂದು, ಅಲ್ಲಿ ಸ್ವಂತ ವೃಂದ ಕಟ್ಟಿ, 1938ರಲ್ಲಿ ಪ್ಯಾರಿಸ್‌ನಲ್ಲಿ ಧ್ವನಿಮುದ್ರಿಕೆಗಳನ್ನೂ ಹೊರತಂದರು. ಯಿಡ್ಡಿಷ್ ರಂಗಭೂಮಿಯ ಮಹಾನಟಿ ಇಡಾ ಕಮಿನ್ಸ್ಕಾ ಅವರ ಮಗಳು ರೂತ್ ಅವರನ್ನು ಮದುವೆಯಾದರು.

1939ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೇನೆ ಪೋಲೆಂಡಿಗೆ ನುಗ್ಗಿದಾಗ ಈ ದಂಪತಿ ಪೂರ್ವದ ಕಡೆ ಓಡಿ, ಸೋವಿಯತ್ ಸೇನೆಯ ವಶಕ್ಕೆ ಬಂದಿದ್ದ ಬಿಯಾಲಿಸ್ತೋಕ್ ಪಟ್ಟಣ ಸೇರಿದರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವಾರ್ಸಾದಲ್ಲೇ ಉಳಿದ ಯಹೂದಿ ಕಲಾವಿದರಿಗೆ ಏನಾಯಿತೆಂಬುದು ಜಗತ್ತಿಗೆ ಗೊತ್ತು. ರೋಸ್ನರ್ ಬದುಕಿ ಉಳಿದದ್ದು ಸೋವಿಯತ್ ನೆಲಕ್ಕೆ ಕಾಲಿಟ್ಟದ್ದರಿಂದ. ಮುಂದೆ ಅವರನ್ನು ಸೆರೆಗೆ ತಳ್ಳಿದ ರಾಜ್ಯವೇ ಮೊದಲು ಅವರ ಜೀವ ಕಾಪಾಡಿತ್ತು ಎಂಬುದನ್ನು ಬಿಟ್ಟು ಈ ಕಥೆ ಹೇಳಿದರೆ ಅದು ಅರ್ಧ ಕಥೆ.

ಬೆಲೊರಷ್ಯದ (ಇಂದಿನ ಬೆಲಾರೂಸ್) ಕಮ್ಯುನಿಸ್ಟ್ ಪಕ್ಷದ ಮೊದಲ ಕಾರ್ಯದರ್ಶಿಯಾಗಿದ್ದ ಪೊನೊಮರೆಂಕೊ ಅವರಿಗೆ ಜಾಝ್ ಎಂದರೆ ಪ್ರೀತಿ. ಅವರ ಆಶ್ರಯದಲ್ಲಿ ರೋಸ್ನರ್ ಮಿನ್ಸ್ಕ್‌ನಲ್ಲಿ ಬೆಲೊರಷ್ಯ ಗಣರಾಜ್ಯದ ಸರ್ಕಾರಿ ಜಾಝ್ ವೃಂದದ ನಾಯಕರಾದರು. ಓಡಿಬಂದ ನಿರಾಶ್ರಿತ ಒಂದೆರಡು ವರ್ಷಗಳಲ್ಲಿ ದೇಶದ ಅತಿ ಪ್ರಸಿದ್ಧ ಕಲಾವಿದರ ಸಾಲಿಗೆ ಸೇರಿದ. ಕಪ್ಪು ಸಮುದ್ರದ ದಡದ ಸೋಚಿಯಲ್ಲಿ ಒಂದು ರಾತ್ರಿ, ಸಭಿಕರೇ ಕಾಣದ ಕತ್ತಲ ಸಭಾಂಗಣಕ್ಕೆ ಇಡೀ ಕಾರ್ಯಕ್ರಮವನ್ನು ನುಡಿಸಬೇಕಾಯಿತೆಂದೂ, ಚಪ್ಪಾಳೆಯಿಲ್ಲದೆ ಪರದೆ ಬಿದ್ದ ಮೇಲೆ ‘ಸಂಗಾತಿ ಸ್ಟಾಲಿನ್ ಅವರಿಗೆ ಹಿಡಿಸಿತು’ ಎಂದು ದೂರವಾಣಿಯಲ್ಲಿ ತಿಳಿಸಲಾಯಿತೆಂದೂ ಆ ವೃಂದದವರು ಹೇಳುತ್ತಿದ್ದರು. ಯುದ್ಧದ ವರ್ಷಗಳಲ್ಲಿ ವೃಂದಕ್ಕೆಂದೇ ರೈಲು ಬೋಗಿ ಸಿಕ್ಕಿತು. ಸೈನಿಕರಿಗೂ ಕಾರ್ಖಾನೆಯ ಕೆಲಸಗಾರರಿಗೂ ನುಡಿಸುತ್ತ ಅವರು ದೇಶದ ಈ ತುದಿಯಿಂದ ಆ ತುದಿಗೆ ಸುತ್ತಿದರು. ಅಮೆರಿಕ ಆಗ ಮಿತ್ರರಾಷ್ಟ್ರವಾಗಿತ್ತು. ಆದ್ದರಿಂದ ಅಮೆರಿಕದ ರಾಗ ನುಡಿಸುವುದು ತಪ್ಪಾಗಿರಲಿಲ್ಲ.

ಯುದ್ಧ ಮುಗಿಯಿತು, ಮೈತ್ರಿಯೂ ಮುಗಿಯಿತು. 1946ರ ಆಗಸ್ಟ್‌ನಲ್ಲಿ ಸರ್ಕಾರದ ‘ಇಜ್ವೆಸ್ತಿಯಾ’ ಪತ್ರಿಕೆ ರೋಸ್ನರ್ ಅವರ ಕಾರ್ಯಕ್ರಮವನ್ನು ಕೀಳು ಅಭಿರುಚಿಯದೆಂದು ಹೀಗಳೆಯಿತು. ಅಂಥ ಬರಹವನ್ನು ವಿಮರ್ಶೆಯೆಂದು ಯಾರೂ ಓದುತ್ತಿರಲಿಲ್ಲ; ಸಭಾಂಗಣದ ವ್ಯವಸ್ಥಾಪಕನಿಂದ ಹಿಡಿದು ರೇಡಿಯೊ ಅಧಿಕಾರಿಯವರೆಗೆ ಎಲ್ಲರೂ ಅದನ್ನು ಮೇಲಿನಿಂದ ಬಂದ ಸೂಚನೆಯೆಂದೇ ತಿಳಿಯುತ್ತಿದ್ದರು. ಪೋಲೆಂಡಿನ ಪ್ರಜೆಗಳಾಗಿದ್ದವರು ಹಿಂದಿರುಗಲು ಆಗ ಅವಕಾಶವಿತ್ತು. ರೋಸ್ನರ್ ಹೆಂಡತಿ ಮಗಳೊಂದಿಗೆ ಲ್ವೊವ್ ನಗರಕ್ಕೆ ಹೋಗಿ ಹೊರಡುವ ದಾರಿ ಹುಡುಕಿದರು. ನವೆಂಬರ್‌ನಲ್ಲಿ ಅಲ್ಲೇ ಅವರ ಬಂಧನವಾಯಿತು. ದೇಶದ್ರೋಹವನ್ನು ಶಿಕ್ಷಿಸುವ 58ನೇ ಕಲಮಿನಡಿ 10 ವರ್ಷಗಳ ಶಿಕ್ಷೆ ವಿಧಿಸಿದರು. ರೂತ್ ಅವರನ್ನು ಕಝಾಕ್‌ಸ್ತಾನಕ್ಕೆ ಗಡೀಪಾರು ಮಾಡಿದರು.

ಶಿಕ್ಷೆ ಕಳೆದದ್ದು ದೂರಪೂರ್ವದಲ್ಲಿ: ಮೊದಲು ಖಬಾರೊವ್‌ಸ್ಕ್, ಆಮೇಲೆ ಅಮೂರ್ ದಡದ ಕೊಮ್ಸೊಮೊಲ್‌ಸ್ಕ್, ಕೊನೆಗೆ ಕೊಲಿಮಾ ಸೀಮೆಯ ಮಗದಾನ್. ಶ್ರಮಶಿಬಿರಗಳ ಅಧಿಕಾರಿಗಳಿಗೆ ತಮ್ಮ ತಮ್ಮ ಶಿಬಿರಕ್ಕೊಂದು ಒಳ್ಳೆಯ ಸಾಂಸ್ಕೃತಿಕ ದಳ ಇರಬೇಕೆಂಬ ಆಸೆ ಇರುತ್ತಿತ್ತು. ಅಂಥ ದಳಕ್ಕೆ ಸೇರಿದವನು ಮರ ಕಡಿಯುವ, ಗಣಿ ತೋಡುವ ಕೆಲಸದಿಂದ ಪಾರಾಗುತ್ತಿದ್ದ. ಹಲವರ ಪಾಲಿಗೆ ಅದು ಬದುಕು ಸಾವುಗಳ ನಡುವಿನ ವ್ಯತ್ಯಾಸವೇ ಆಗಿತ್ತು. ಊರಲ್ಲಿ ನುಡಿಸಬಾರದೆಂದು ಪತ್ರಿಕೆ ಬೈದ ಸಂಗೀತವನ್ನೇ ಮುಳ್ಳುತಂತಿಯ ಒಳಗೆ ಅಧಿಕಾರಿಗಳು ಕೂತು ಕೇಳಿದರು. ರೋಸ್ನರ್ ಕೈದಿಗಳನ್ನೇ ಕಲೆಹಾಕಿ ವೃಂದಗಳನ್ನು ಕಟ್ಟಿದರು, ಅವರಿಗಾಗಿ ಸ್ವರ ಬರೆದರು, ನಡೆಸಿದರು.

ಈ ಬದುಕಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಒಂದು ಸಣ್ಣ ಸಂಗತಿ. ಶಿಬಿರದ ಊಟದಲ್ಲಿ ಹಣ್ಣು ತರಕಾರಿ ಇರುತ್ತಿರಲಿಲ್ಲ. ರೋಸ್ನರ್ ಅವರಿಗೆ ಸ್ಕರ್ವಿ ತಗುಲಿತು, ಒಸಡು ಕೊಳೆತು ಹಲ್ಲುಗಳು ಹೋದವು. ಟ್ರಂಪೆಟ್ ವಾದಕನ ನಾದ ಹುಟ್ಟುವುದೇ ತುಟಿಯನ್ನು ಲೋಹದ ಬಾಯಿಗೆ ಒತ್ತಿ ಹಿಡಿದಾಗ. ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಹಲ್ಲು. ನಮ್ಮ ದೇವಸ್ಥಾನಗಳಲ್ಲಿ ನಾಗಸ್ವರ ನುಡಿಸುವ ಹಿರಿಯರನ್ನು ಕೇಳಿ ನೋಡಿ, ವಾದ್ಯಕ್ಕಿಂತ ಮೊದಲು ಬಾಯಿಯ ಆರೋಗ್ಯದ ಮಾತನ್ನೇ ಆಡುತ್ತಾರೆ. ಬಾಲ್ಯದಲ್ಲಿ ಕಲಿತ ಪಿಟೀಲಿಗೆ ರೋಸ್ನರ್ ಮರಳಬೇಕಾಯಿತು. ಸ್ಟಾಲಿನ್ ಸತ್ತ ಮರುವರ್ಷ, 1954ರಲ್ಲಿ, ಬಿಡುಗಡೆಯಾದಾಗ ಅವರಿಗೆ ಸುಮಾರು 44 ವರ್ಷ. ಮಾಸ್ಕೋಗೆ ಬಂದು ಮತ್ತೆ ದೊಡ್ಡ ವೃಂದ ಕಟ್ಟಿದರು. ಟಿಕೆಟುಗಳು ಮತ್ತೆ ಮಾರಾಟವಾದವು. ಆದರೆ ಹಿಂದಿನ ಆ ಟ್ರಂಪೆಟ್ ಹಿಂದಿರುಗಲಿಲ್ಲ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುತ್ತಿರುವ ವಿದ್ಯಾರ್ಥಿನಿ. ಕವಿತೆಗೆ, ನಾಟಕಕ್ಕೆ ಸರ್ಕಾರ ಹೆದರುವುದು ಅರ್ಥವಾಗುತ್ತದೆ, ಅವುಗಳಲ್ಲಿ ಮಾತಿದೆ. ಮಾತೇ ಇಲ್ಲದ ವಾದ್ಯಸಂಗೀತಕ್ಕೆ ಹೆದರುವುದೇಕೆ?
(ಓದುಗರೊಬ್ಬರು, ಮೈಸೂರು)

ಉತ್ತರ: ನೀವು ಕಲಿಯುತ್ತಿರುವ ಸಂಗೀತದಲ್ಲೇ ಇದಕ್ಕೆ ಉತ್ತರವಿದೆ. ಕೃತಿಯನ್ನು ಗುರುಗಳು ಕಲಿಸಿದಂತೆ ಹಾಡುತ್ತೀರಿ. ಆದರೆ ಆಲಾಪನೆ, ನೆರವಲ್, ಕಲ್ಪನಾಸ್ವರಗಳಿಗೆ ಬಂದಾಗ ಏನು ಹಾಡುತ್ತೀರೆಂದು ಹಿಂದಿನ ದಿನ ಬರೆದುಕೊಡಲು ನಿಮ್ಮಿಂದಲೂ ಆಗದು. ಅದನ್ನು ನಾವು ಮನೋಧರ್ಮ ಎನ್ನುತ್ತೇವೆ. ಜಾಝ್‌ನ ಜೀವವೂ ಮನೋಧರ್ಮವೇ: ಪಲ್ಲವಿಯಂಥ ಒಂದು ರಾಗವನ್ನು ಎಲ್ಲರೂ ಕೂಡಿ ನುಡಿಸಿದ ಮೇಲೆ ಒಬ್ಬೊಬ್ಬರಾಗಿ ಅದರ ಸ್ವರಸಂಗತಿಗಳ ಮೇಲೆ ತಮ್ಮದೇ ಕಲ್ಪನೆಯನ್ನು ಅಲ್ಲಿಯೇ, ಆಗಲೇ ಕಟ್ಟುತ್ತಾರೆ.

ಈಗ ಸೋವಿಯತ್ ಕಲಾವ್ಯವಸ್ಥೆ ನಡೆಯುತ್ತಿದ್ದ ಬಗೆಯನ್ನು ನೋಡಿ. ಅಲ್ಲಿ ಸಂಗೀತಗಾರನೆಂದರೆ ಸರ್ಕಾರಿ ಸಂಸ್ಥೆಯೊಂದರ ನೌಕರ. ಸಂಬಳದ ದರ್ಜೆಯನ್ನು ನಿಗದಿ ಮಾಡುವುದು ಒಂದು ಸಮಿತಿ. ಪ್ರತಿ ಹೊಸ ಕಾರ್ಯಕ್ರಮವನ್ನೂ ಮೊದಲು ಕಲಾ ಮಂಡಳಿಯ ಮುಂದೆ ನುಡಿಸಿ ತೋರಿಸಿ ಒಪ್ಪಿಗೆ ಪಡೆಯಬೇಕು, ರಾಗಗಳ ಪಟ್ಟಿ ಸಲ್ಲಿಸಬೇಕು, ಅದರಲ್ಲಿ ಹೆಚ್ಚಿನ ಪಾಲು ಸೋವಿಯತ್ ರಚನಕಾರರದಾಗಿರಬೇಕು. ಈ ಕಟ್ಟಿಗೆ ಸಿಕ್ಕಿದ ವೃಂದಗಳು ಅಮೆರಿಕದ ರಾಗಕ್ಕೆ ರಷ್ಯನ್ ಹೆಸರಿಟ್ಟು ಪಟ್ಟಿಯೊಳಗೆ ಸೇರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಸ್ಯಾಕ್ಸೊಫೋನ್ ವಾದಕ ಎದ್ದು ನಿಂತು ತನ್ನ ಸರದಿಯಲ್ಲಿ ಏನು ನುಡಿಸುತ್ತಾನೆಂಬುದನ್ನು ಯಾವ ಮಂಡಳಿ ಮುಂಚಿತವಾಗಿ ಒಪ್ಪಬೇಕು? ಎಲ್ಲಕ್ಕೂ ಮುಂಚಿತ ಒಪ್ಪಿಗೆಯನ್ನು ಬಯಸುವ ಆಡಳಿತಕ್ಕೆ ಮುಂಚಿತವಾಗಿ ಇರಲಾರದ ಸಂಗೀತ ಸಹಿಸಲಾಗದ್ದಾಗಿತ್ತು. ನನ್ನ ತಿಳಿವಳಿಕೆಯಲ್ಲಿ ಆಳದ ಕಾರಣ ಇದೇ.

ಹೊರಗೆ ಹೇಳಿದ ಕಾರಣ ಬೇರೆ. 1928ರಲ್ಲಿ, ಆಗ ಇಟಲಿಯಲ್ಲಿದ್ದ ಮ್ಯಾಕ್ಸಿಂ ಗಾರ್ಕಿ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆಗೆ ಒಂದು ಲೇಖನ ಬರೆದರು. ರಾತ್ರಿಯ ನೀರವದಲ್ಲಿ ಪಕ್ಕದ ಹೋಟೆಲಿನ ರೇಡಿಯೊದಿಂದ ತೇಲಿಬಂದ ನೃತ್ಯಸಂಗೀತವನ್ನು ಹಂದಿಯ ಕಿರುಚಾಟಕ್ಕೂ ಕಪ್ಪೆಯ ವಟವಟಕ್ಕೂ ಹೋಲಿಸಿ, ಅದನ್ನು ‘ಕೊಬ್ಬಿದವರ ಸಂಗೀತ’ ಎಂದು ಕರೆದರು. ಕನ್ನಡಿಗರೂ ಮೆಚ್ಚಿ ಓದಿದ ಲೇಖಕ ಅವರು. ಬಡವರ ನೋವನ್ನು ಅಷ್ಟು ಸೂಕ್ಷ್ಮವಾಗಿ ಕೇಳಿಸಿಕೊಂಡ ಕಿವಿಗೆ, ಗುಲಾಮರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತದಲ್ಲಿ ಶ್ರೀಮಂತರ ಬೊಜ್ಜು ಮಾತ್ರ ಕೇಳಿಸಿತೆಂಬುದನ್ನು ನೆನೆದರೆ ನನಗೆ ಈಗಲೂ ವ್ಯಥೆಯಾಗುತ್ತದೆ. ಮುಂದಿನ ದಶಕಗಳಲ್ಲಿ ಜಾಝ್ ವಿರೋಧಿಗಳಿಗೆಲ್ಲ ಆ ಲೇಖನವೇ ಪ್ರಮಾಣವಾಯಿತು.

ಹಾಗೆಂದು ತೀರ್ಪು ಒಂದೇ ಆಗಿರಲಿಲ್ಲ. ಕವಿಯೂ ನರ್ತಕನೂ ಆಗಿದ್ದ ವಲೆಂತಿನ್ ಪರ್ನಾಖ್ ಪ್ಯಾರಿಸ್‌ನಿಂದ ವಾದ್ಯಗಳನ್ನು ಹೊತ್ತು ತಂದು, 1922ರ ಅಕ್ಟೋಬರ್ 1ರಂದು ಮಾಸ್ಕೋದಲ್ಲಿ ಮೊದಲ ಜಾಝ್ ಕಛೇರಿ ನಡೆಸಿದಾಗ ಯಾರೂ ತಡೆಯಲಿಲ್ಲ. 1926ರಲ್ಲಿ ಸಿಡ್ನಿ ಬೆಶೆ ಅವರಂಥ ಕಪ್ಪು ಅಮೆರಿಕನ್ ವಾದಕರು ಮಾಸ್ಕೋದಲ್ಲಿ ನುಡಿಸಿದರು. ಅದೇ ವರ್ಷ ಲೆನಿನ್‌ಗ್ರಾದಿನ ಲಿಯೊಪೋಲ್ದ್ ತೆಪ್ಲಿತ್‌ಸ್ಕಿ ಅವರನ್ನು ಸರ್ಕಾರವೇ ಅಮೆರಿಕದ ಫಿಲಡೆಲ್ಫಿಯಾಕ್ಕೆ ಕಳುಹಿಸಿತು. ಅವರು ಕಲಿತು ಬಂದು 1927ರಲ್ಲಿ ಕಛೇರಿ ಕೊಟ್ಟರು. 1930ರಲ್ಲಿ ಅವರನ್ನೇ ಬಂಧಿಸಲಾಯಿತು. 1936ರಲ್ಲಿ ‘ಇಜ್ವೆಸ್ತಿಯಾ’ ಜಾಝ್ ಅನ್ನು ಬೈದರೆ ‘ಪ್ರಾವ್ದಾ’ ಅದರ ಪರ ನಿಂತಿತು, ಎರಡೂ ಅಧಿಕೃತ ಪತ್ರಿಕೆಗಳೇ. 1938ರಲ್ಲಿ ಇಡೀ ದೇಶದ ಹೆಸರಿನಲ್ಲೇ ಸರ್ಕಾರಿ ಜಾಝ್ ವೃಂದ ಹುಟ್ಟಿತು. ಗಾಳಿ ಎತ್ತ ಬೀಸುತ್ತದೆಂದು ವಾದಕನಿಗೆ ಎಂದೂ ಗೊತ್ತಿರುತ್ತಿರಲಿಲ್ಲ. ಲಿಖಿತ ನಿಷೇಧವಿದ್ದಿದ್ದರೆ ಅದಕ್ಕಿಂತ ಸುಲಭವಾಗುತ್ತಿತ್ತೇನೋ.

ಅತಿ ಕೆಟ್ಟ ಕಾಲ 1948ರ ಫೆಬ್ರವರಿಯ ಬಳಿಕ ಬಂತು. ಒಂದು ಒಪೆರಾವನ್ನು ಖಂಡಿಸುವ ನೆಪದಲ್ಲಿ ಪಕ್ಷದ ಕೇಂದ್ರ ಸಮಿತಿ ಇಡೀ ಸಂಗೀತಲೋಕಕ್ಕೆ ಎಚ್ಚರಿಕೆ ಕೊಟ್ಟಿತು; ಷೊಸ್ತಾಕೊವಿಚ್, ಪ್ರೊಕೊಫಿಯೆವ್ ಅವರಂಥ ಹೆಸರಾಂತ ರಚನಕಾರರೇ ತಲೆ ತಗ್ಗಿಸಬೇಕಾಯಿತು. ‘ಜಾಝ್’ ಎಂಬ ಶಬ್ದವೇ ಫಲಕಗಳಿಂದ ಮಾಯವಾಗಿ ವೃಂದಗಳು ‘ಎಸ್ತ್ರಾದಾ’, ಅಂದರೆ ಲಘುರಂಜನೆಯ ವೃಂದಗಳೆನಿಸಿಕೊಂಡವು. ಮರುವರ್ಷ ಸ್ಯಾಕ್ಸೊಫೋನ್ ವಾದಕರನ್ನು ಕರೆಸಿ ವಾದ್ಯವನ್ನು ಒಪ್ಪಿಸಿಕೊಂಡು, ಅವರ ಗುರುತಿನ ಚೀಟಿಯಲ್ಲಿ ಬೇರೆ ವಾದ್ಯದ ಹೆಸರು ಬರೆದುಕೊಟ್ಟರು. ನಿನ್ನೆಯವರೆಗೆ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು ಇಂದಿನಿಂದ ದಾಖಲೆಯಲ್ಲಿ ಬಸೂನ್ ವಾದಕ. ಸಂಗೀತಗಾರರು ಆ ವರ್ಷಗಳನ್ನು ‘ಸ್ಯಾಕ್ಸೊಫೋನ್‌ಗಳ ಡೊಂಕು ತೆಗೆದ ಕಾಲ’ ಎಂದು ನೆನೆಯುತ್ತಿದ್ದರು. ‘ಇಂದು ಜಾಝ್ ನುಡಿಸುವವನು ನಾಳೆ ತಾಯ್ನಾಡನ್ನೇ ಮಾರುತ್ತಾನೆ’ ಎಂಬ ಪ್ರಾಸದ ಸಾಲು ಆಗ ಮನೆಮಾತಾಗಿತ್ತು.

ಪ್ರಶ್ನೆ: ಧ್ವನಿಮುದ್ರಿಕೆಯಿಲ್ಲ, ಗುರುಗಳಿಲ್ಲ, ಶಾಲೆಯಿಲ್ಲ ಎಂದಮೇಲೆ ಹೊಸ ತಲೆಮಾರಿನವರು ಈ ವಿದ್ಯೆಯನ್ನು ಕಲಿತದ್ದು ಹೇಗೆ?
(ಓದುಗರೊಬ್ಬರು, ಮಂಗಳೂರು)

ಉತ್ತರ: ಆಸ್ಪತ್ರೆಯ ಎಕ್ಸ್‌ರೇ ಫಿಲ್ಮಿನಿಂದ ಮತ್ತು ರಾತ್ರಿಯ ರೇಡಿಯೊದಿಂದ.

ಆಸ್ಪತ್ರೆಗಳು ಬಿಸಾಡುತ್ತಿದ್ದ ಎಕ್ಸ್‌ರೇ ಹಾಳೆಗಳನ್ನು ಲೆನಿನ್‌ಗ್ರಾದಿನ ಕೆಲವು ಯುವಕರು 1940ರ ದಶಕದ ಕೊನೆಯಲ್ಲಿ ಕೊಂಡು ತಂದು, ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನ ಕೆಂಡದಿಂದ ತೂತು ಸುಟ್ಟು, ತಾವೇ ಕಟ್ಟಿದ ಯಂತ್ರದಲ್ಲಿ ಅವುಗಳ ಮೇಲೆ ಸಂಗೀತದ ಗೆರೆಗಳನ್ನು ಕೊರೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಯಾರದೋ ಮುರಿದ ಕೈ ಕಾಣುತ್ತಿತ್ತು. ಜನ ಇದನ್ನು ‘ಪಕ್ಕೆಲುಬಿನ ಮೇಲಿನ ಸಂಗೀತ’ ಎಂದರು. ಒಂದೇ ಮಗ್ಗುಲು, ಗೊರಗೊರ ಸದ್ದು, ಕೆಲವೇ ಸಲ ನುಡಿಸಿದರೆ ಸವೆದುಹೋಗುವ ಗೆರೆ. ಆದರೂ ಕೋಟಿನೊಳಗೆ ಸುರುಳಿ ಸುತ್ತಿ ಬೀದಿ ಮೂಲೆಯಲ್ಲಿ ಮಾರಿದರೆ ಕೊಳ್ಳುವವರಿದ್ದರು. ಇದರ ಮುಂದಾಳಾಗಿದ್ದ ರುಸ್ಲಾನ್ ಬೊಗೊಸ್ಲೊವ್‌ಸ್ಕಿ ಇದಕ್ಕಾಗಿ ಸೆರೆಮನೆ ಕಂಡರು, ಹೊರಬಂದು ಮತ್ತೆ ಅದೇ ಯಂತ್ರ ಕಟ್ಟಿದರು.

ರೇಡಿಯೊದ ಪ್ರಭಾವ ಇದಕ್ಕಿಂತ ದೊಡ್ಡದು. 1955ರ ಜನವರಿಯಲ್ಲಿ ಅಮೆರಿಕ ಸರ್ಕಾರದ ವಿದೇಶಿ ಪ್ರಸಾರ ಕೇಂದ್ರವಾದ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೊವರ್ ಅವರ ಜಾಝ್ ಕಾರ್ಯಕ್ರಮ ಆರಂಭವಾಯಿತು. ಶಾರ್ಟ್‌ವೇವ್‌ನಲ್ಲಿ ರಾತ್ರಿಯ ಹೊತ್ತು ಬರುತ್ತಿದ್ದ ಆ ಧ್ವನಿ ಗಂಭೀರ, ನಿಧಾನ. ಇಂಗ್ಲಿಷ್ ಅಷ್ಟಾಗಿ ತಿಳಿಯದವರಿಗೂ ತಿಳಿಯುವಂತೆ ಪ್ರತಿ ವಾದಕನ ಹೆಸರನ್ನೂ ಬಿಡಿಬಿಡಿಯಾಗಿ ಹೇಳುತ್ತಿತ್ತು. ರಷ್ಯನ್ ಭಾಷೆಯ ವಿದೇಶಿ ಪ್ರಸಾರಗಳಿಗೆ ಸದ್ದು ಎಬ್ಬಿಸಿ ಅಡ್ಡಿಪಡಿಸುತ್ತಿದ್ದ ಸರ್ಕಾರ ಇಂಗ್ಲಿಷ್ ಪ್ರಸಾರಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿತ್ತು. ಹುಡುಗರು ಟೇಪ್ ರೆಕಾರ್ಡರ್ ಹೊಂದಿಸಿ ಕಾಯುತ್ತಿದ್ದರು, ಅದಿಲ್ಲದವರು ಕಾಗದ ಪೆನ್ಸಿಲು ಹಿಡಿದು ಕೂತಿರುತ್ತಿದ್ದರು: ಇಂದು ನಾಲ್ಕು ಆವರ್ತ, ಮುಂದೆ ಮತ್ತೊಮ್ಮೆ ಅದೇ ರಾಗ ಬಂದಾಗ ಇನ್ನು ನಾಲ್ಕು. ನಮ್ಮ ಹಳೆಯ ವಿದ್ವಾಂಸರು ಗ್ರಾಮಫೋನ್ ತಟ್ಟೆಗೆ ಕಿವಿಯೊಡ್ಡಿ ಬೇರೆ ಬಾನಿಯನ್ನು ಕಲಿತ ಹಾಗೆಯೇ ಇದು. ತಟ್ಟೆಯನ್ನಾದರೂ ಮತ್ತೆ ಹಾಕಬಹುದು, ರೇಡಿಯೊದಲ್ಲಿ ಹೋದ ಸ್ವರ ಹೋದಂತೆಯೇ. ಅಮೆರಿಕದ ಕಾನೂನು ಆ ಕೇಂದ್ರ ಸ್ವದೇಶಕ್ಕೆ ಪ್ರಸಾರ ಮಾಡುವುದನ್ನು ತಡೆದಿದ್ದರಿಂದ, ಲಕ್ಷಾಂತರ ಸೋವಿಯತ್ ಮತ್ತು ಪೋಲಿಷ್ ಕೇಳುಗರಿಗೆ ಗುರುಸಮಾನರಾಗಿದ್ದ ಕಾನೊವರ್ ತಮ್ಮ ದೇಶದಲ್ಲೇ ಅಪರಿಚಿತರಾಗಿ ಉಳಿದರು.

1957ರ ಮಾಸ್ಕೋ ಯುವಜನೋತ್ಸವಕ್ಕೆ ಹೊರದೇಶಗಳ ಜಾಝ್ ತಂಡಗಳು ಬಂದಾಗ ಈ ಕಿವಿಪಾಠದ ಶಿಷ್ಯರು ಮೊದಲ ಬಾರಿಗೆ ಹೊರಗಿನವರ ಜೊತೆ ಕೂತು ನುಡಿಸಿದರು. ಆಮೇಲೆ ಯುವಜನರ ಕೆಫೆಗಳು ತೆರೆದವು. 1962ರಲ್ಲಿ ಅಮೆರಿಕದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಮ್ಮ ವೃಂದದೊಂದಿಗೆ ಬಂದು ಆರು ನಗರಗಳಲ್ಲಿ ನುಡಿಸಿದಾಗ ಮಾಸ್ಕೋದ ಮೊದಲ ಕಛೇರಿಗೆ ಖುದ್ದು ದೇಶದ ನಾಯಕ ಕ್ರುಶ್ಚೇವ್ ಬಂದಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಜಾಝ್ ಕೇಳಿದರೆ ಹೊಟ್ಟೆಯಲ್ಲಿ ವಾಯು ತುಂಬಿದ ಹಾಗಾಗುತ್ತದೆಂದು ಅವರೇ ಹೇಳಿದರು. 1967ರಲ್ಲಿ ಎಸ್ತೋನಿಯಾದ ತಾಲಿನ್ ಉತ್ಸವದಲ್ಲಿ ಚಾರ್ಲ್ಸ್ ಲಾಯ್ಡ್ ಅವರ ಅಮೆರಿಕನ್ ತಂಡ ನುಡಿಸಿತು. 1971ರಲ್ಲಿ ಡ್ಯೂಕ್ ಎಲಿಂಗ್ಟನ್ ಐದು ನಗರಗಳನ್ನು ಸುತ್ತಿದರು. ಅಷ್ಟರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಗಾನೆಲಿನ್, ತರಾಸೊವ್, ಚೆಕಾಸಿನ್ ಎಂಬ ಮೂವರು ಸೇರಿ, ಅಮೆರಿಕದವರನ್ನು ಅನುಕರಿಸುವುದನ್ನು ಬಿಟ್ಟು ಪೂರ್ತಿ ತಮ್ಮದೇ ಆದ ಸಂಗೀತ ಕಟ್ಟಲು ತೊಡಗಿದ್ದರು. ಮುಂದೆ ಅವರ ಟೇಪುಗಳನ್ನು ಲಂಡನ್ನಿನ ಲಿಯೊ ರೆಕಾರ್ಡ್ಸ್ ಹೊರತಂದಾಗ, ಕೇಳಿದ ಪಾಶ್ಚಾತ್ಯ ವಿಮರ್ಶಕರು ಬೆರಗಾದರು.

ಪ್ರಶ್ನೆ: ಬೇರೆ ಕಮ್ಯುನಿಸ್ಟ್ ದೇಶಗಳಲ್ಲೂ ಹೀಗೆಯೇ ಇತ್ತೆ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಇಲ್ಲ. ಪೋಲೆಂಡಿನಲ್ಲಿ ಸ್ಟಾಲಿನ್ ಕಾಲದ ಕೆಲವು ವರ್ಷ ಜಾಝ್ ಮನೆಗಳ ಒಳಕೋಣೆಗೆ ಸೇರಿತ್ತಾದರೂ, 1956ರ ಆಗಸ್ಟ್‌ನಲ್ಲಿ ಬಾಲ್ಟಿಕ್ ದಡದ ಸೊಪೋಟ್‌ನಲ್ಲಿ ಉತ್ಸವ ನಡೆದ ಮೇಲೆ ಅದು ಬಯಲಿಗೆ ಬಂದು ಮತ್ತೆ ಒಳಗೆ ಹೋಗಲಿಲ್ಲ. ಆ ಉತ್ಸವದಲ್ಲಿ ಮೆಚ್ಚುಗೆ ಗಳಿಸಿದ ಪಿಯಾನೊ ವಾದಕ ಕ್ಶಿಶ್ತೋಫ್ ಕೊಮೆಡಾ ವೃತ್ತಿಯಿಂದ ಕಿವಿ ಮೂಗು ಗಂಟಲಿನ ವೈದ್ಯರು. ಅವರ ನಿಜವಾದ ಮನೆತನದ ಹೆಸರು ತ್ಶ್ಚಿನ್ಸ್ಕಿ. ತಾನು ಜಾಝ್ ನುಡಿಸುವ ವಿಷಯ ಕೆಲಸದ ಜಾಗದಲ್ಲಿ ತಿಳಿಯದಿರಲೆಂದು ‘ಕೊಮೆಡಾ’ ಎಂಬ ಹೆಸರನ್ನು ಇಟ್ಟುಕೊಂಡಿದ್ದರು.

ಜೆಕೊಸ್ಲೊವಾಕಿಯಾದಲ್ಲಿ ಗತಿ ಇದಕ್ಕೆ ವಿರುದ್ಧವಾಗಿತ್ತು. ಅಲ್ಲಿ ಕಷ್ಟ ತಡವಾಗಿ ಬಂತು. ಸಂಗೀತಗಾರರ ಒಕ್ಕೂಟದ ಅಂಗವಾಗಿ 1971ರಲ್ಲಿ ಹುಟ್ಟಿದ ‘ಜಾಝ್ ವಿಭಾಗ’ ‘ಸದಸ್ಯರಿಗೆ ಮಾತ್ರ’ ಎಂಬ ತಲೆಬರಹದಡಿ ಪತ್ರಿಕೆ, ಪುಸ್ತಕಗಳನ್ನು ಅಚ್ಚು ಹಾಕುತ್ತ, ಹಾಗೆ ಸೆನ್ಸಾರ್ ಕಣ್ಣಿನಿಂದ ಪಾರಾಗುತ್ತ, ಕ್ರಮೇಣ ಜಾಝ್‌ಗಿಂತ ಬಹಳ ದೊಡ್ಡದಾದ ಒಂದು ಸ್ವತಂತ್ರ ವೇದಿಕೆಯಾಗಿ ಬೆಳೆಯಿತು. 1986ರಲ್ಲಿ ಅದರ ಮುಖ್ಯಸ್ಥ ಕಾರೆಲ್ ಸ್ರ್ಪ್ ಮತ್ತು ಸಂಗಡಿಗರನ್ನು ಬಂಧಿಸಿದ ಸರ್ಕಾರ ಅವರ ಮೇಲೆ ಹೊರಿಸಿದ್ದು ರಾಜಕೀಯ ಆರೋಪವನ್ನಲ್ಲ, ಅನುಮತಿಯಿಲ್ಲದೆ ವ್ಯಾಪಾರ ನಡೆಸಿದ ಆರೋಪವನ್ನು.

ಪ್ರಶ್ನೆ: ಜಾಝ್ ಹುಟ್ಟಿದ ಅಮೆರಿಕದಲ್ಲೇ ಕಪ್ಪು ಸಂಗೀತಗಾರರನ್ನು ನಡೆಸಿಕೊಂಡ ರೀತಿ ಎಲ್ಲರಿಗೂ ಗೊತ್ತಿದೆ. ಹಾಗಿರುವಾಗ ಕಮ್ಯುನಿಸ್ಟ್ ಆಡಳಿತವೊಂದನ್ನೇ ಕಟಕಟೆಗೆ ನಿಲ್ಲಿಸುವುದು ನ್ಯಾಯವೆ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಈ ಪ್ರಶ್ನೆಯನ್ನು ನಾನು ಗೌರವದಿಂದಲೇ ಎದುರುಗೊಳ್ಳುತ್ತೇನೆ. ನ್ಯೂಯಾರ್ಕ್ ನಗರದಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ಪೊಲೀಸರು ಕೊಡುವ ಚೀಟಿಯೊಂದು ಬೇಕಿತ್ತು. ಅದನ್ನು ಕಿತ್ತುಕೊಂಡದ್ದರಿಂದ ಗಾಯಕಿ ಬಿಲ್ಲಿ ಹಾಲಿಡೇ, ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರಂಥವರು ವರ್ಷಗಟ್ಟಲೆ ತಮ್ಮ ಊರಿನ ಕ್ಲಬ್ಬುಗಳಲ್ಲೇ ಹಾಡಲೂ ನುಡಿಸಲೂ ಆಗದೆ ಕೂತರು. 1959ರಲ್ಲಿ ಮೈಲ್ಸ್ ಡೇವಿಸ್ ಅವರ ಹೆಸರು ಬರೆದ ಕ್ಲಬ್ಬಿನ ಬಾಗಿಲಲ್ಲೇ ಅವರನ್ನು ಪೊಲೀಸರು ತಲೆಯೊಡೆಯುವಂತೆ ಹೊಡೆದರು. 1957ರಲ್ಲಿ ಲಿಟಲ್ ರಾಕ್ ಪಟ್ಟಣದ ಶಾಲೆಗೆ ಕಪ್ಪು ಮಕ್ಕಳನ್ನು ಬಿಡದೆ ತಡೆದಾಗ, ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗಿ ನುಡಿಸಲು ಲೂಯಿ ಆರ್ಮ್‌ಸ್ಟ್ರಾಂಗ್ ಒಪ್ಪಲಿಲ್ಲ. ಕಾನೊವರ್ ಅವರ ಕಾರ್ಯಕ್ರಮವೂ ಅಮೆರಿಕದ ಪ್ರಚಾರತಂತ್ರದ ಭಾಗವೇ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಆರ್ಮ್‌ಸ್ಟ್ರಾಂಗ್ ತಮ್ಮ ದೇಶದ ಅಧ್ಯಕ್ಷರನ್ನು ಪತ್ರಿಕೆಯವರ ಮುಂದೆಯೇ ಕಟುವಾಗಿ ಟೀಕಿಸಿದರು, ಮುಂದೆಯೂ ನುಡಿಸಿದರು. ಮಾಂಕ್ ಕ್ಲಬ್ಬಿಲ್ಲದ ವರ್ಷಗಳಲ್ಲೂ ಧ್ವನಿಮುದ್ರಿಕೆ ಮಾಡಿದರು, ಏಕೆಂದರೆ ಕ್ಲಬ್ಬಿನ ಚೀಟಿ ಕೊಡುವವರು ಬೇರೆ, ಧ್ವನಿಮುದ್ರಿಕೆ ಹೊರತರುವವರು ಬೇರೆಯಾಗಿದ್ದರು. ಸೋವಿಯತ್ ವಾದಕನಿಗೆ ಸಂಬಳ ಕೊಡುವವನು, ಸಭಾಂಗಣ ಕೊಡುವವನು, ಮುದ್ರಿಕೆ ಹೊರತರುವವನು, ವಿಮರ್ಶೆ ಬರೆಸುವವನು, ಇರಲು ಕೋಣೆ ಕೊಡುವವನು, ದೇಶ ಬಿಡಲು ಅನುಮತಿ ಕೊಡುವವನು, ಬಂಧಿಸುವವನು ಎಲ್ಲ ಒಬ್ಬನೇ. ಅವನ ಮುಖ ತಿರುಗಿತೆಂದರೆ ಹೋಗಿ ಬಾಗಿಲು ತಟ್ಟಲು ಇನ್ನೊಂದು ಮನೆ ಇರಲಿಲ್ಲ.

ಅದೇ ಕಾರಣಕ್ಕೆ, ರಾಜಿ ಮಾಡಿಕೊಂಡು ಬಾಳಿದವರನ್ನು ನಾನು ಹೀಗಳೆಯಲಾರೆ. ಗಾಯಕ, ವೃಂದದ ನಾಯಕ ಲಿಯೊನಿದ್ ಉತ್ಯೋಸೊವ್ ಜಾಝ್‌ಗೆ ಸೋವಿಯತ್ ಗೀತೆಯ ಅಂಗಿ ತೊಡಿಸಿ, 1934ರಲ್ಲಿ ಚಲನಚಿತ್ರದ ನಾಯಕನೂ ಆಗಿ, ಯುದ್ಧದಲ್ಲಿ ವೃಂದದ ದುಡ್ಡಿನಿಂದ ಯುದ್ಧವಿಮಾನಕ್ಕೆ ದೇಣಿಗೆ ಕೊಟ್ಟು, ಎಲ್ಲ ಗಾಳಿಗಳಲ್ಲೂ ದೋಣಿ ನಡೆಸಿದರು. ಒಲೆಗ್ ಲುಂದ್‌ಸ್ತ್ರೇಮ್ ಚೀನಾದ ಹಾರ್ಬಿನ್‌ನಲ್ಲಿ 1934ರಲ್ಲಿ ವೃಂದ ಕಟ್ಟಿ, ಶಾಂಘೈನಲ್ಲಿ ಹೆಸರು ಮಾಡಿ, 1947ರಲ್ಲಿ ಸಂಗಡಿಗರೊಂದಿಗೆ ಸ್ವದೇಶಕ್ಕೆ ಬಂದರೆ, ಬಂದ ಕೂಡಲೇ ಜಾಝ್‌ನ ಬಾಗಿಲು ಮುಚ್ಚಿತು. ಅವರು ಕಜಾನ್ ಪಟ್ಟಣದಲ್ಲಿ ಸಿಕ್ಕ ಸಂಗೀತದ ಕೆಲಸ ಮಾಡಿಕೊಂಡು ಸುಮಾರು ಒಂಬತ್ತು ವರ್ಷ ಕಾದು, 1956ರಲ್ಲಿ ಮಾಸ್ಕೋದಲ್ಲಿ ಅದೇ ಬಳಗದೊಂದಿಗೆ ಮತ್ತೆ ದೊಡ್ಡ ವೃಂದ ಕಟ್ಟಿ, 2005ರಲ್ಲಿ ತೀರಿಕೊಳ್ಳುವವರೆಗೂ ಅದರ ಹಿರಿಯರಾಗಿ ಉಳಿದರು. ಫಿಲಡೆಲ್ಫಿಯಾಕ್ಕೆ ಹೋಗಿಬಂದ ತೆಪ್ಲಿತ್‌ಸ್ಕಿ ಶಿಬಿರದಿಂದ ಬಿಡುಗಡೆಯಾದ ಮೇಲೆ ಜಾಝ್ ಬಿಟ್ಟರು. ವಾಯುವ್ಯ ರಷ್ಯದ ಕರೇಲಿಯಾದಲ್ಲೇ ನೆಲೆಸಿ ಸಿಂಫನಿ ವೃಂದ ನಡೆಸಿದರು.

ಪ್ರಶ್ನೆ: ಬಿಡುಗಡೆಯಾಗಿ ಹೆಸರು, ಕೆಲಸ ಎಲ್ಲ ಮರಳಿ ಬಂದ ಮೇಲೂ ರೋಸ್ನರ್ ದೇಶ ಬಿಟ್ಟರೆಂದು ಓದಿದ್ದೇನೆ. ಏಕೆ? ಅವರ ಕೊನೆಗಾಲ ಹೇಗಿತ್ತು?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಕೆಲಸ ಮರಳಿತು, ನಿಜ, ನಂಬಿಕೆ ಮರಳಿತೆನ್ನಲು ಆಧಾರವಿಲ್ಲ. 1960ರ ದಶಕದ ಕೊನೆಗೆ ದೊಡ್ಡ ವೃಂದಗಳ ಕಾಲವೂ ಇಳಿಮುಖವಾಗಿತ್ತು, ಯುವಕರು ಗಿಟಾರ್ ಹಿಡಿದಿದ್ದರು. 1970ರ ದಶಕದ ಆರಂಭದಲ್ಲಿ ಯಹೂದಿಗಳಿಗೆ ದೇಶ ಬಿಡಲು ಕೊಂಚ ಅವಕಾಶ ತೆರೆದಾಗ, 1946ರಲ್ಲಿ ಲ್ವೊವ್‌ನಲ್ಲಿ ಯಾವ ಪ್ರಯತ್ನಕ್ಕಾಗಿ ದ್ರೋಹಿ ಎನಿಸಿಕೊಂಡಿದ್ದರೋ ಅದೇ ಪ್ರಯತ್ನವನ್ನು ರೋಸ್ನರ್ ಅರ್ಜಿ ಹಾಕಿ ಮಾಡಿದರು. 1973ರಲ್ಲಿ ಹುಟ್ಟೂರಾದ ಬರ್ಲಿನ್ನಿಗೆ, ಅದರ ಪಶ್ಚಿಮ ಭಾಗಕ್ಕೆ, ಮರಳಿದರು. ಅವರನ್ನು ನೆನಪಿಟ್ಟುಕೊಂಡ ಸಭಿಕರೆಲ್ಲ ಅವರು ಬಿಟ್ಟುಬಂದ ದೇಶದಲ್ಲಿದ್ದರು. ಬರ್ಲಿನ್ನಿನಲ್ಲಿ ಅವರು ಯಾರೆಂದು ತಿಳಿದವರು ಕಡಿಮೆ. ಹೊಸದಾಗಿ ವೃಂದ ಕಟ್ಟುವ ಶಕ್ತಿ ಉಳಿದಿರಲಿಲ್ಲ. 1976ರ ಆಗಸ್ಟ್ 8ರಂದು, ಕೈಯಲ್ಲಿ ಹೆಚ್ಚು ಹಣವಿಲ್ಲದ ಸ್ಥಿತಿಯಲ್ಲಿ, ತೀರಿಕೊಂಡರು. 66 ವರ್ಷ ವಯಸ್ಸು.

ದೇಶ ಬಿಟ್ಟವರ ಹೆಸರು ಹೇಳದಿರುವುದು ಸೋವಿಯತ್ ಪದ್ಧತಿ. ರೋಸ್ನರ್ ಅವರ ಹೆಸರೂ ರೇಡಿಯೊದಿಂದ, ಗ್ರಂಥಗಳಿಂದ ಮರೆಯಾಯಿತು. ಆದರೆ ಒಂದು ಕಡೆ ಮಾತ್ರ ಅವರನ್ನು ಅಳಿಸಲಾಗಲಿಲ್ಲ. 1956ರಲ್ಲಿ ಎಲ್ದಾರ್ ರಿಯಾಜಾನೊವ್ ನಿರ್ದೇಶಿಸಿದ ‘ಕಾರ್ನಿವಲ್ ರಾತ್ರಿ’ ಎಂಬ ಹಾಸ್ಯಚಿತ್ರದಲ್ಲಿ ಸಂಗೀತ ನುಡಿಸಿದ್ದು ಅವರ ವೃಂದ. ಹೊಸವರ್ಷದ ಹಿಂದಿನ ರಾತ್ರಿಯ ಸಮಾರಂಭವನ್ನು ತನ್ನ ಒಪ್ಪಿಗೆಯ ಪಟ್ಟಿಯಂತೆ ಸಪ್ಪೆ ಮಾಡಹೊರಟ ಅಧಿಕಾರಿಯೊಬ್ಬ, ಅವನ ಕಣ್ಣು ತಪ್ಪಿಸಲು ನಿವೃತ್ತ ವೃದ್ಧರ ಗಡ್ಡ ಅಂಟಿಸಿಕೊಂಡು ವೇದಿಕೆ ಏರಿ, ಮೊದಲು ತಡವರಿಸಿದಂತೆ ನುಡಿಸಿ, ಆಮೇಲೆ ಒಮ್ಮೆಲೆ ಜಾಝ್‌ಗೆ ಹೊರಳುವ ಯುವ ವಾದಕರು, ಕಥೆ ಇಷ್ಟೇ. ಆ ಚಿತ್ರವನ್ನು ರಷ್ಯದ ಮನೆಗಳಲ್ಲಿ ಈಗಲೂ ಡಿಸೆಂಬರ್ 31ರ ರಾತ್ರಿ ಮನೆಮಂದಿಯೆಲ್ಲ ಕೂತು ನೋಡುತ್ತಾರೆ.